ಎಲ್ಲರೂ ಕುಡಿಯುತ್ತಾರೆ ಎಂಬ ಲೆಕ್ಕ

ಕಾಲೇಜಿನ ಮೊದಲ ಕೆಲವು ವಾರಗಳು ವಿಚಿತ್ರ. ಸಿಇಟಿ, ಕೌನ್ಸೆಲಿಂಗ್, ಸೀಟು, ಫೀಸು ಎಂದು ವರ್ಷವಿಡೀ ಓಡಾಡಿದ ಮನೆಯವರು ಹಾಸಿಗೆ, ಬಕೆಟ್ಟು, ಚಟ್ನಿಪುಡಿ ಡಬ್ಬಿಗಳ ಸಮೇತ ಹಾಸ್ಟೆಲ್ಲಿಗೆ ಬಿಟ್ಟು ಊರಿಗೆ ವಾಪಸಾಗಿರುತ್ತಾರೆ. ಸುತ್ತ ನೂರಾರು ಜನ, ಗೆಳೆಯರೆನ್ನುವವರು ಒಬ್ಬರೂ ಇಲ್ಲ. ಮೆಸ್ಸಿನಲ್ಲಿ ಯಾರ ಪಕ್ಕ ಕೂರುವುದು ಎಂಬುದೇ ದಿನದ ದೊಡ್ಡ ಪ್ರಶ್ನೆ. ಇಂಥ ಹೊತ್ತಿನಲ್ಲಿ ಸೀನಿಯರ್ ಒಬ್ಬ ಬಾಗಿಲು ತಟ್ಟಿ "ಶನಿವಾರ ರಾತ್ರಿ ಎಲ್ಲಾ ಸೇರ್ತಿದೀವಿ, ನೀನೂ ಬಾ" ಅಂದರೆ ಒಲ್ಲೆ ಎನ್ನುವುದು ಸುಲಭವಲ್ಲ. ಹೋಗುವವನು ಗೆಳೆತನಕ್ಕೆಂದು ಹೋಗುತ್ತಾನೆ. ಎಣ್ಣೆ ಅಲ್ಲಿ ಆಗಲೇ ಬಂದು ಕೂತಿರುತ್ತದೆ.

ಬ್ರಿಟನ್ನಿನಲ್ಲಿ ಇದಕ್ಕೆ ಕ್ಯಾಲೆಂಡರಿನಲ್ಲೇ ಜಾಗ ಉಂಟು. ಶರತ್ಕಾಲದಲ್ಲಿ ತರಗತಿ ಶುರುವಾಗುವ ಮುಂಚಿನ ‘ಫ್ರೆಷರ್ಸ್ ವೀಕ್’ ಎಂದರೆ ನೋಂದಣಿ, ಗ್ರಂಥಾಲಯ ಪರಿಚಯದ ಜೊತೆಗೆ ರಾತ್ರಿಗೊಂದು ಪಾರ್ಟಿ. 18 ತುಂಬಿದವರಿಗೆ ಅಲ್ಲಿ ಕುಡಿಯಲು ಕಾನೂನಿನ ಅಡ್ಡಿಯಿಲ್ಲ, ಎಷ್ಟೋ ವಿದ್ಯಾರ್ಥಿ ಸಂಘಗಳಿಗೆ ಸ್ವಂತ ಬಾರೇ ಇದೆ. ಕ್ಲಬ್ಬಿನಲ್ಲಿ ದುಬಾರಿ ಎಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲೇ ಅರ್ಧ ಕೆಲಸ ಮುಗಿಸಿ ಹೊರಡುವುದಕ್ಕೆ ‘ಪ್ರೀ-ಡ್ರಿಂಕ್ಸ್’ ಎನ್ನುತ್ತಾರೆ. ಪಬ್ಬಿಗೆ ಹೋದರೆ ‘ರೌಂಡ್’ ಪದ್ಧತಿ: ಒಬ್ಬೊಬ್ಬರೂ ಸರದಿಯ ಮೇಲೆ ಇಡೀ ಗುಂಪಿಗೆ ತರಿಸಬೇಕು. ಇದರಲ್ಲಿ ಯಾರೂ ಯಾರನ್ನೂ ಬಲವಂತ ಮಾಡುವುದಿಲ್ಲ, ಆದರೆ ಐದು ಜನರ ಗುಂಪಿಗೆ ಸೇರಿದವನ ಪಾಲಿಗೆ ಐದು ಗ್ಲಾಸು ತಾವಾಗಿಯೇ ಬಂದು ಬೀಳುತ್ತವೆ. ಬೇಗ ಖಾಲಿ ಮಾಡುವವನ ವೇಗಕ್ಕೇ ಉಳಿದವರೂ ಓಡಬೇಕು. ಮಾಸ್ಟರ್ಸ್ ಓದಲು ಲೀಡ್ಸಿಗೋ ಗ್ಲಾಸ್ಗೋಗೋ ಹೋಗುವ ನಮ್ಮ ಕಡೆಯ ಹುಡುಗರಿಗೆ ಚಳಿಗಿಂತ ಮೊದಲು ಎದುರಾಗುವುದು ಇದು.

ನಮ್ಮಲ್ಲಿ ವಿಷಯ ಬೇರೆ. ಕಾಲೇಜಿನ ಆಡಿಟೋರಿಯಂನಲ್ಲಿ ಪ್ರಿನ್ಸಿಪಾಲರ ಭಾಷಣ, ಡ್ಯಾನ್ಸು, ಪಲಾವಿನೊಂದಿಗೆ ನಡೆಯುವುದು ಅಧಿಕೃತ ಫ್ರೆಷರ್ಸ್ ಪಾರ್ಟಿ. ಅದಾದ ಮೇಲೆ ಯಾರದೋ ಪಿಜಿ ರೂಮಿನಲ್ಲೋ ಊರಾಚೆಯ ಫಾರ್ಮ್‌ಹೌಸಿನಲ್ಲೋ ನಡೆಯುವುದು ಇನ್ನೊಂದು.

ಮಾಲೆ ಹಾಕಿದವನಿಗೆ ರಿಯಾಯಿತಿ

ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

"ಏ, ಒಂದೇ ಒಂದು ಪೆಗ್ ಕಣೋ."

"ಬೇಡ ಮಗಾ."

"ಯಾಕೆ, ಮನೇಲಿ ಬೈತಾರಾ? ಬಿಯರಾದ್ರೂ ಹೊಡಿ. ಬಿಯರೆಲ್ಲಾ ಎಣ್ಣೆ ಲೆಕ್ಕಕ್ಕೇ ಬರಲ್ಲ ಗುರೂ."

"ಅದಲ್ಲ, ನಂಗೆ ಅಸಿಡಿಟಿ ಇದೆ..."

"ಹಂಗಾದ್ರೆ ವೋಡ್ಕಾ ತಗೋ, ಏನೂ ಆಗಲ್ಲ."

ಅಸಿಡಿಟಿಗೆ ವೋಡ್ಕಾ ಇದೆ, ನಾಳೆಯ ಇಂಟರ್ನಲ್ಸಿಗೆ "ಬೆಳಗ್ಗೆ ಎಬ್ಬಿಸ್ತೀನಿ" ಎಂಬ ಭರವಸೆ ಇದೆ, ಮಾತ್ರೆ ತಗೋತಿದ್ದೀನಿ ಎಂದರೆ ಯಾವ ಮಾತ್ರೆ ಎಂದು ಕೇಳುವ ಅರೆಡಾಕ್ಟರೂ ಇರುತ್ತಾನೆ. ಕಾರಣ ಕೊಟ್ಟಷ್ಟೂ ವಾದಕ್ಕೆ ದಾರಿಯಾಗುತ್ತದೆ. ಆದರೆ ಅದೇ ಹುಡುಗ "ಮಾಲೆ ಹಾಕಿದೀನಿ" ಎಂದು ನೋಡಲಿ. ಅಯ್ಯಪ್ಪನ ಹೆಸರು ಬಂದ ಕೂಡಲೇ ಗ್ಲಾಸು ಹಿಂದಕ್ಕೆ ಸರಿಯುತ್ತದೆ, ಸಿಗರೇಟು ಹಿಡಿದವನು ಎದ್ದು ಆಚೆ ಹೋಗುತ್ತಾನೆ, "ಸ್ವಾಮಿಗೆ ಒಂದು ಜ್ಯೂಸ್ ತರ್ಸ್ರೋ" ಎಂದು ಉಪಚಾರವೂ ಆಗುತ್ತದೆ. ಶ್ರಾವಣ, ಶನಿವಾರ, ರಂಜಾನ್ ಇವಕ್ಕೂ ಅಂಥದ್ದೇ ಮರ್ಯಾದೆ.

ಅಂದರೆ ಒತ್ತಾಯಿಸುವವನಿಗೆ ನಿಲ್ಲಿಸುವುದು ಗೊತ್ತಿದೆ. ವ್ರತಕ್ಕೆ ಬೆಲೆ ಕೊಡುತ್ತಾನೆ, ‘ನನಗೆ ಇಷ್ಟವಿಲ್ಲ’ ಎಂಬುದಕ್ಕೆ ಕೊಡುವುದಿಲ್ಲ. ಏಕೆ? ವ್ರತ ಹಿಡಿದವನು ದೇವರಿಗೆ ಕಟ್ಟುಬಿದ್ದವನು, ಎದುರು ಕುಳಿತವರ ಬಗ್ಗೆ ಅವನು ಏನೂ ಹೇಳುತ್ತಿಲ್ಲ. ಇಷ್ಟವಿಲ್ಲ ಎಂದವನು ಹಾಗಲ್ಲ. ತಮ್ಮನ್ನು ತೂಗಿ ನೋಡುತ್ತಿದ್ದಾನೆ, ರಾತ್ರಿ ಆಡಿದ್ದೆಲ್ಲ ಬೆಳಗ್ಗೆ ಇವನೊಬ್ಬನಿಗೆ ನೆನಪಿರುತ್ತದೆ ಎಂಬ ಅಳುಕು ಗುಂಪಿಗೆ. ಉದ್ದುದ್ದ ಕಾರಣ ಕೊಡುವ ಬದಲು "ಬೇಡ, ನೀವು ಹೊಡೀರಿ" ಎಂದು ಚಿಪ್ಸಿಗೆ ಕೈಹಾಕುವವನ ಮೇಲೆ ಒತ್ತಾಯ ಬೇಗ ನಿಲ್ಲುವುದು ಇದಕ್ಕೇ ಇರಬೇಕು. ಆ ಮಾತಿನ ಎರಡನೇ ಅರ್ಧದಲ್ಲಿ ಗುಂಪಿಗೆ ಬೇಕಾದ ಅಭಯವಿದೆ.

ಹುಡುಗಿಯರಿಗೆ ಎರಡೂ ಕಡೆಯಿಂದ ಪೆಟ್ಟು. ಕುಡಿಯದಿದ್ದರೆ ‘ಗೌರಮ್ಮ’, ಕುಡಿದರೆ ನಡತೆಯ ಪ್ರಶ್ನೆ. 2009ರ ಜನವರಿಯಲ್ಲಿ ಗುಂಪೊಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಯುವತಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ಮರೆಯುವಂತಿಲ್ಲ. ಇನ್ನು ಕೆಲವರ ನಿರಾಕರಣೆಯ ಹಿಂದೆ ಬಾಯಿಬಿಟ್ಟು ಹೇಳಲಾಗದ ಕತೆ ಇರುತ್ತದೆ. ಅಪ್ಪನ ಕೂಲಿ ಕುಡಿತಕ್ಕೆ ಹೋದದ್ದನ್ನು ನೋಡುತ್ತಲೇ ಬೆಳೆದು, ಮನೆತನದಲ್ಲೇ ಮೊದಲಿಗನಾಗಿ ಡಿಗ್ರಿಗೆ ಬಂದವನು ಒಂದು ಪೆಗ್ಗಿನ ತಮಾಷೆಯಲ್ಲಿ ನಗದೆ ಕೂತರೆ ‘ಬೋರು’ ಎನ್ನಿಸಿಕೊಳ್ಳುತ್ತಾನೆ.

ಪ್ರಿನ್ಸ್‌ಟನ್ನಿನಲ್ಲಿ ಕೇಳಿದ ಎರಡು ಪ್ರಶ್ನೆ

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಈ ವಿಷಯಕ್ಕೆ ಕೈಹಾಕಿ 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಕೇಳಿದ್ದು ಬಹಳ ಸರಳ. ಇಲ್ಲಿಯ ವಿದ್ಯಾರ್ಥಿಗಳ ಕುಡಿತದ ರೀತಿ ನಿನಗೆ ಎಷ್ಟರ ಮಟ್ಟಿಗೆ ಹಿತವೆನ್ನಿಸುತ್ತದೆ? ಸಾಮಾನ್ಯ ವಿದ್ಯಾರ್ಥಿಗೆ ಎಷ್ಟು ಹಿತವೆನ್ನಿಸುತ್ತಿರಬಹುದು? ಉತ್ತರವನ್ನು 11 ಮೆಟ್ಟಿಲುಗಳ ಅಳತೆಯಲ್ಲಿ ಗುರುತಿಸಬೇಕು.

ತಮ್ಮ ಬಗ್ಗೆ ಕೊಟ್ಟ ಉತ್ತರಗಳ ಸರಾಸರಿ 5.3ರ ಆಸುಪಾಸು. ‘ಸಾಮಾನ್ಯ ವಿದ್ಯಾರ್ಥಿ’ಗೆ ಕೊಟ್ಟ ಅಂಕ 7. ಇದರ ತಮಾಷೆಯನ್ನು ನಿಧಾನವಾಗಿ ನೋಡಬೇಕು. ಆ ಸಾಮಾನ್ಯ ವಿದ್ಯಾರ್ಥಿ ಬೇರೆಲ್ಲೂ ಇಲ್ಲ, ಉತ್ತರ ಬರೆಯುತ್ತಿರುವವರೇ ಅವರು. ಪ್ರತಿಯೊಬ್ಬರಿಗೂ ಒಳಗೊಳಗೆ ಇರುಸುಮುರುಸು, ಪ್ರತಿಯೊಬ್ಬರೂ ಅದನ್ನು ತನ್ನೊಬ್ಬನ ಕೊರತೆ ಎಂದು ಬಗೆದು ಮುಚ್ಚಿಟ್ಟು, ಉಳಿದವರಂತೆ ಗ್ಲಾಸು ಎತ್ತಿದ್ದಾರೆ. ಹಾಗೆ ಎತ್ತಿದ ಗ್ಲಾಸನ್ನು ನೋಡಿ ಪಕ್ಕದವನು ತನ್ನ ಸಂಕೋಚ ಮುಚ್ಚಿಟ್ಟಿದ್ದಾನೆ.

ಸಂಶೋಧಕರಿಬ್ಬರೂ ಅಷ್ಟಕ್ಕೇ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಕೇಳಿದ ಕೆಲವರನ್ನೇ ಡಿಸೆಂಬರಿನಲ್ಲಿ ಮತ್ತೆ ಕೇಳಿದರು. ಅಷ್ಟರಲ್ಲಿ ಹುಡುಗರು, ಎಲ್ಲರ ನಿಲುವು ಎಂದು ತಾವು ಭಾವಿಸಿದ್ದ ಕಡೆಗೇ ಜಾರಿದ್ದರು. ನಾಟಕವಾಗಿ ಶುರುವಾದದ್ದು ಸ್ವಂತ ಅಭಿಪ್ರಾಯವಾಗಿ ಕೂತಿತ್ತು. ಹುಡುಗಿಯರು ಹಾಗೆ ಜಾರಲಿಲ್ಲ. ಕ್ಯಾಂಪಸ್ಸಿನಲ್ಲಿ ಬಿಯರಿನ ಪೀಪಾಯಿಗಳನ್ನು ನಿಷೇಧಿಸಿದ್ದರ ಕುರಿತು ನಡೆಸಿದ ಇನ್ನೊಂದು ಸುತ್ತಿನಲ್ಲಿ ಕಂಡದ್ದು ನನಗೆ ಹೆಚ್ಚು ಖೇದದ ಸಂಗತಿ. ತಾನು ಬಹುಮತಕ್ಕೆ ಹೊರಗಿನವನು ಎಂದುಕೊಂಡಿದ್ದವರು, ಮುಂದೆ ಹಳೆಯ ವಿದ್ಯಾರ್ಥಿಗಳ ಸಮ್ಮಿಲನಗಳಿಗೂ ಕಡಿಮೆ ಬರುವೆವು ಎಂದರು. ಇಲ್ಲದ ಬಹುಮತ ಅವರನ್ನು ತಮ್ಮ ಕಾಲೇಜಿನಿಂದಲೇ ದೂರ ಮಾಡಿತ್ತು.

ಲೆಕ್ಕ ಹೀಗೆ ತಪ್ಪುವುದೇಕೆ ಎಂದು ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ವಿವರಿಸಬೇಕಿಲ್ಲ. ಮೂರನೇ ಮಹಡಿಯಲ್ಲಿ ಒಬ್ಬ ವಾಂತಿ ಮಾಡಿಕೊಂಡರೆ ಬೆಳಗಿನ ತಿಂಡಿಯ ಹೊತ್ತಿಗೆ ಇಡೀ ಮೆಸ್ಸಿಗೆ ಸುದ್ದಿ. ಹತ್ತು ಗಂಟೆಗೆ ದೀಪ ಆರಿಸಿ ಮಲಗಿದ ನಲವತ್ತು ಜನ ಸುದ್ದಿಯಾಗುವುದಿಲ್ಲ. ಇನ್‌ಸ್ಟಾಗ್ರಾಂಗೆ ಏರುವುದೂ ಗ್ಲಾಸುಗಳೇ. ಹಾರ್ವರ್ಡ್‌ನವರು 1999ರಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಸಮೀಕ್ಷೆ ಮಾಡಿದಾಗ 44% ವಿದ್ಯಾರ್ಥಿಗಳು ಹಿಂದಿನ ಎರಡು ವಾರದಲ್ಲಿ ಒಮ್ಮೆಯಾದರೂ ಮಿತಿಮೀರಿ ಕುಡಿದಿದ್ದರು. ಪತ್ರಿಕೆಗಳು ಹಿಡಿದದ್ದು ಆ ಸಂಖ್ಯೆಯನ್ನು. ವರ್ಷವಿಡೀ ಒಂದು ಹನಿ ಮುಟ್ಟದವರು 19% ಇದ್ದರು ಎಂಬುದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಕುಡಿತಕ್ಕೆ ಹೆಸರಾದ ಇಂಗ್ಲೆಂಡಿನಲ್ಲೇ 16ರಿಂದ 24ರ ವಯಸ್ಸಿನವರಲ್ಲಿ ಕುಡಿಯದವರು 2005ರಲ್ಲಿ 18% ಇದ್ದದ್ದು 2015ಕ್ಕೆ 29% ಆದರು. ನಮ್ಮ ರಾಜ್ಯದಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15 ದಾಟಿದ ಗಂಡಸರಲ್ಲಿ ಕುಡಿಯುವವರು ಸುಮಾರು ಆರರಲ್ಲಿ ಒಬ್ಬರು. ಸಮೀಕ್ಷೆಯವರ ಮುಂದೆ ಸುಳ್ಳು ಹೇಳಿದವರೂ ಇರುತ್ತಾರೆ ಎಂದು ದುಪ್ಪಟ್ಟು ಮಾಡಿಕೊಂಡರೂ ಮೂರರಲ್ಲಿ ಇಬ್ಬರು ಕುಡಿಯದವರೇ.

ಜೊತೆಗೆ ಒಬ್ಬನಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಪ್ರಯೋಗವಿದೆ. 1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ, ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ ಕೊಟ್ಟು, ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳುವಂತೆ ಏರ್ಪಾಡು ಮಾಡಿದ್ದ. ಕಣ್ಣೆದುರಿನ ಸತ್ಯ ಬಿಟ್ಟು ಗುಂಪಿನ ತಪ್ಪಿಗೆ ಹೂಂಗುಟ್ಟಿದ ಉತ್ತರಗಳು ಮೂರನೇ ಒಂದು ಭಾಗದಷ್ಟಿದ್ದವು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳತೊಡಗಿದರೆ ಸಾಕು, ಅದು ಮೊದಲಿನ ಪ್ರಮಾಣದ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಪಾರ್ಟಿಗೆ ಹೋಗುವ ಮುಂಚೆ "ನೀನೂ ಕುಡಿಯಲ್ಲ ತಾನೇ?" ಎಂದು ರೂಮ್‌ಮೇಟನ್ನು ಕೇಳಿಕೊಳ್ಳುವುದು ಪುಕ್ಕಲುತನವಲ್ಲ.

ಗ್ಲಾಸಿನೊಳಗಿನ ಲೆಕ್ಕ

ಬಿಯರು ಎಣ್ಣೆ ಲೆಕ್ಕಕ್ಕೆ ಬರುವುದಿಲ್ಲ ಎಂಬ ಮಾತನ್ನು ಒಂದು ಸಲ ಗುಣಿಸಿ ನೋಡೋಣ. 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ಪ್ರಮಾಣ 8% ಇದ್ದರೆ, ಶುದ್ಧ ಆಲ್ಕೋಹಾಲ್ 52 ಮಿ.ಲೀ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳು ಸಾಮಾನ್ಯವಾಗಿ 42.8%, 180 ಮಿ.ಲೀ.ನ ಕ್ವಾರ್ಟರಿನಲ್ಲಿ ಇರುವುದು 77 ಮಿ.ಲೀ. ಒಂದು ಬಾಟಲಿ ಬಿಯರ್ ಎಂದರೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಕ್ವಾರ್ಟರು. ಯಕೃತ್ತು ಗಂಟೆಗೆ ಸುಮಾರು 10 ಮಿ.ಲೀ. ಮಾತ್ರ ಕರಗಿಸಬಲ್ಲದು, ಆದ್ದರಿಂದ ಕ್ವಾರ್ಟರ್ ಹಾಕಿದವನ ರಕ್ತ ತಿಳಿಯಾಗಲು ಏಳೆಂಟು ಗಂಟೆ ಬೇಕು. ನಿಂಬೆರಸ, ಸ್ಟ್ರಾಂಗ್ ಕಾಫಿ, ತಲೆಗೆ ತಣ್ಣೀರು ಯಾವುದೂ ಇದನ್ನು ಬೇಗ ಮಾಡಲಾರವು. ಹೊಸಬನಿಗೆ ಅಪಾಯ ಹೆಚ್ಚಿರುವುದು ಪಂತ ಕಟ್ಟಿ ಗಟಗಟ ಏರಿಸುವ ಆಟದಲ್ಲಿ. ಕೊನೆಯ ಗ್ಲಾಸು ಕೆಳಗಿಟ್ಟ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. "ಮಲಗಲಿ ಬಿಡು, ಸರಿಹೋಗ್ತಾನೆ" ಎಂದು ಅಂಗಾತ ಮಲಗಿಸಿ ಹೋದವನು ವಾಂತಿ ಉಸಿರುನಾಳಕ್ಕೆ ಹೋಗಿ ಸಾಯಬಹುದು. ಎಬ್ಬಿಸಿದರೂ ಏಳದಿದ್ದರೆ ಮಗ್ಗುಲಿಗೆ ಹೊರಳಿಸಿ, ಒಬ್ಬರು ಪಕ್ಕದಲ್ಲೇ ಇದ್ದು, 108ಕ್ಕೆ ಫೋನ್ ಮಾಡಬೇಕು. ವಾರ್ಡನ್ನಿಗೆ ಗೊತ್ತಾಗುತ್ತದೆ ಎಂದು ಹಿಂಜರಿಯುವಲ್ಲೇ ಹೆಚ್ಚಿನ ಅನಾಹುತ ಆಗುವುದು.

ಆ ಹಿಂಜರಿಕೆಗೆ ಕಾನೂನೂ ಒಂದು ಕಾರಣ. ಅಮೆರಿಕದಲ್ಲಿ 1984ರ ಕೇಂದ್ರ ಕಾಯ್ದೆಯ ಒತ್ತಡದಿಂದ ಎಲ್ಲ ರಾಜ್ಯಗಳಲ್ಲೂ ಕುಡಿಯುವ ವಯಸ್ಸು 21 ಆಯಿತು. ರಸ್ತೆ ಅಪಘಾತದ ಸಾವುಗಳು ಇಳಿದವು, ಅದು ದೊಡ್ಡ ಲಾಭ. ಆದರೆ ಕ್ಯಾಂಪಸ್ಸಿನ ಕುಡಿತ ನೆಲಮಾಳಿಗೆಗೆ ಇಳಿಯಿತು ಎಂದು ವಾದಿಸಿ 2008ರಲ್ಲಿ ನೂರಕ್ಕೂ ಹೆಚ್ಚು ಕಾಲೇಜು ಅಧ್ಯಕ್ಷರು ಮರುಚರ್ಚೆಗೆ ಸಹಿ ಹಾಕಿದರು. ಅಂಥ ಕುಡಿತಕ್ಕೆ ಉದಾಹರಣೆಯೂ ಇದೆ: 1997ರಲ್ಲಿ ಅಲ್ಲಿಯ ಎಂಐಟಿಗೆ ಸೇರಿ ಎರಡು ತಿಂಗಳೂ ಆಗಿರದ 18ರ ಹುಡುಗನೊಬ್ಬ ಫ್ರೆಟರ್ನಿಟಿ ಎಂಬ ವಿದ್ಯಾರ್ಥಿ ಕೂಟದ ಸೇರ್ಪಡೆ ರಾತ್ರಿ ಕುಡಿದು ಪ್ರಜ್ಞೆ ತಪ್ಪಿ ತೀರಿಕೊಂಡ. ಮುಂದೆ ಸಂಸ್ಥೆ ಆ ಕುಟುಂಬದೊಂದಿಗೆ 60 ಲಕ್ಷ ಡಾಲರಿನ ಒಪ್ಪಂದಕ್ಕೆ ಬಂತು, 2002ರಿಂದ ಮೊದಲ ವರ್ಷದವರೆಲ್ಲ ಕ್ಯಾಂಪಸ್ ಹಾಸ್ಟೆಲ್ಲಿನಲ್ಲೇ ಇರಬೇಕೆಂದು ನಿಯಮ ಮಾಡಿತು.

ಕರ್ನಾಟಕದಲ್ಲೂ ಅಬಕಾರಿ ನಿಯಮದ ಪ್ರಕಾರ ಕುಡಿಯುವ ವಯಸ್ಸು 21. ಅದನ್ನು 18ಕ್ಕೆ ಇಳಿಸುವ ಕರಡನ್ನು ಸರ್ಕಾರ 2023ರ ಜನವರಿಯಲ್ಲಿ ಹೊರಡಿಸಿ, ವಿರೋಧ ಬಂದ ಮೇಲೆ ಕೈಬಿಟ್ಟಿತು. ಇನ್ನೊಂದು ನಿಯಮ ಹೊಸಬರಿಗೆ ತಿಳಿದಿರಲಿ: ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಾವಳಿಯಲ್ಲಿ ಹೊಸ ವಿದ್ಯಾರ್ಥಿಯ ಮೇಲೆ ಬಲವಂತದ ಖರ್ಚು ಹೇರುವುದೂ ರ‍್ಯಾಗಿಂಗ್. ಅಂದರೆ ಬಲವಂತವಾಗಿ ಕುಡಿಸುವುದಷ್ಟೇ ಅಲ್ಲ, ಸೀನಿಯರುಗಳು ಜೂನಿಯರ್ ಕೈಲಿ ಬಲವಂತದಿಂದ ‘ಟ್ರೀಟ್’ ಕೊಡಿಸಿಕೊಳ್ಳುವುದೂ ಅಪರಾಧದ ಲೆಕ್ಕಕ್ಕೆ ಬರುತ್ತದೆ. ಸಹಾಯವಾಣಿ 1800-180-5522.

ತಪ್ಪು ಲೆಕ್ಕವನ್ನು ತಿದ್ದಬಹುದೇ? ಪ್ರಿನ್ಸ್‌ಟನ್ನಿನಲ್ಲೇ ಕ್ರಿಸ್ಟೀನ್ ಶ್ರೋಡರ್ ಮತ್ತು ಪ್ರೆಂಟಿಸ್ ಅದನ್ನೂ ನೋಡಿದರು. ಆಗಷ್ಟೇ ಸೇರಿದ್ದ ಕೆಲವರಿಗೆ ಕುಡಿತದ ಬಗ್ಗೆ ಜವಾಬ್ದಾರಿಯಿಂದ ನಿರ್ಧರಿಸುವುದು ಹೇಗೆ ಎಂಬ ಚರ್ಚೆ. ಇನ್ನು ಕೆಲವರನ್ನು ಕೂರಿಸಿ ಆ 5 ಮತ್ತು 7ರ ವ್ಯತ್ಯಾಸವನ್ನೇ ಮುಂದಿಟ್ಟು, ಅದು ಏಕೆ ಹಾಗೆ ಎಂದು ಅವರವರಲ್ಲೇ ಮಾತಾಡಲು ಬಿಟ್ಟರು. 4ರಿಂದ 6 ತಿಂಗಳ ನಂತರ ಕೇಳಿದಾಗ ಎರಡನೇ ಗುಂಪಿನವರು ಕಡಿಮೆ ಕುಡಿಯುತ್ತಿದ್ದರು. 1998ರಲ್ಲಿ ಪ್ರಕಟವಾದ ಈ ಫಲಿತಾಂಶದಂಥವುಗಳ ಉತ್ಸಾಹದಲ್ಲಿ ಅಮೆರಿಕದ ಕಾಲೇಜುಗಳು ‘ನಿಮ್ಮಲ್ಲಿ ಹೆಚ್ಚಿನವರು ಮಿತವಾಗಿಯೇ ಕುಡಿಯುತ್ತಾರೆ’ ಎಂಬ ಪೋಸ್ಟರುಗಳನ್ನು ಗೋಡೆಗೋಡೆಗೆ ಅಂಟಿಸಿದವು, ಬಿಯರ್ ಉದ್ಯಮವೂ ಸಂತೋಷದಿಂದ ದುಡ್ಡು ಕೊಟ್ಟಿತು. 2003ರಲ್ಲಿ ಹಾರ್ವರ್ಡಿನ ಹೆನ್ರಿ ವೆಕ್ಸ್‌ಲರ್ ತಂಡ ಲೆಕ್ಕ ಹಾಕಿದಾಗ ಇಂಥ ಪ್ರಚಾರ ನಡೆಸಿದ ಕಾಲೇಜುಗಳಲ್ಲಿ ಕುಡಿತ ಇಳಿದಿರಲಿಲ್ಲ. ಪೋಸ್ಟರಿನ ಮಾತನ್ನು ನಂಬದವರು, ಪಕ್ಕದಲ್ಲಿ ಕೂತವನೇ "ನಂಗೂ ಅಷ್ಟೊಂದು ಇಷ್ಟ ಇಲ್ಲ" ಎಂದರೆ ನಂಬುತ್ತಾರೇನೋ.

ನಮ್ಮ ಕಾಲೇಜುಗಳ ಓರಿಯೆಂಟೇಷನ್ ದಿನ ಒಬ್ಬ ಪೊಲೀಸ್ ಅಧಿಕಾರಿ, ಒಬ್ಬರು ಡಾಕ್ಟರು ಬಂದು ಕೆಟ್ಟ ಲಿವರಿನ ಚಿತ್ರ ತೋರಿಸಿ ಹೋಗುವುದುಂಟು. ಸಭಾಂಗಣದಲ್ಲಿ ಆಗ ತಂದೆತಾಯಿಯರೂ ಕೂತಿರುತ್ತಾರೆ. ಅವರೆದುರು ಯಾವ ಮಕ್ಕಳು ಬಾಯಿಬಿಟ್ಟಾರು? ಅದೇ ಒಂದು ಗಂಟೆಯನ್ನು, ಮನೆಯವರೆಲ್ಲ ಬಸ್ಸು ಹತ್ತಿದ ಮೇಲೆ, ಹಾಸ್ಟೆಲ್ಲಿನ ಒಂದೊಂದೇ ಮಹಡಿಯ ಮಕ್ಕಳನ್ನು ಕೂರಿಸಿ, ವಾರ್ಡನ್ ಇಲ್ಲದ ಕೋಣೆಯಲ್ಲಿ ಕಳೆಯಲು ಬಿಡಬಹುದು. ಚೀಟಿಯ ಮೇಲೆ ಹೆಸರು ಬರೆಯದೆ ಆ ಎರಡು ಪ್ರಶ್ನೆಗೆ ಉತ್ತರ ಬರೆಸಿ, ಅಲ್ಲೇ ಎಣಿಸಿ, ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆಯುವುದಕ್ಕೆ ಹೊರಗಿನ ತಜ್ಞರು ಯಾರೂ ಬೇಕಿಲ್ಲ.