ಮೀನು ಮಾರುವ ಮನೆಯಿಂದ ಮೀನು ಓದುವವರೂ ಬರಲಿ

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಕೇಳಿಬರುವ ಹೆಸರುಗಳು ನಾಲ್ಕೈದು ಮಾತ್ರ. ಮೆಡಿಕಲ್, ಇಂಜಿನಿಯರಿಂಗ್, ಬಿಕಾಂ, ನರ್ಸಿಂಗ್, ಅದೂ ಇಲ್ಲದಿದ್ದರೆ ಗಲ್ಫ್ ವೀಸಾ. ಮೀನುಗಾರಿಕೆ ಓದಬಹುದಲ್ವಾ ಎಂದರೆ, ‘ಮೀನು ಮಾರಲಿಕ್ಕೆ ಕಾಲೇಜು ಯಾಕೆ?’ ಎಂದು ನಗುವವರೇ ಹೆಚ್ಚು. ಮಂಗಳೂರಿನ ದಕ್ಕೆ, ಬೆಂಗರೆ, ಉಳ್ಳಾಲದ ಎಷ್ಟೋ ಬ್ಯಾರಿ ಮನೆಗಳ ಅನ್ನ ಮೀನಿನಿಂದಲೇ ಬರುತ್ತಿದೆ. ಆ ಮೀನು ನಮ್ಮ ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಏನು ಮಾಡಬೇಕು ಎಂದು ಕಲಿಸುವ ವಿದ್ಯೆಯೊಂದಿದೆ. ಅದರಲ್ಲಿ ಸ್ನಾತಕೋತ್ತರ ಪದವಿಯೂ ಇದೆ.

ಈ ವಿದ್ಯೆ ಯಾಕೆ ಬೇಕು ಎಂಬುದಕ್ಕೆ ಬೂತಾಯಿಯೇ ಸಾಕ್ಷಿ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಬೂತಾಯಿ, 2021ರಲ್ಲಿ ನಾಲ್ಕು ಸಾವಿರ ಟನ್ನಿಗಿಂತಲೂ ಕೆಳಗೆ ಇಳಿಯಿತು. ಸಮುದ್ರದ ಬಿಸಿ ಏರಿಳಿಯುವುದು ಒಂದು ಕಾರಣ, ಮೊಟ್ಟೆ ಇಡುವ ಮೊದಲೇ ಮರಿಗಳನ್ನು ಬಾಚುವುದು ಇನ್ನೊಂದು. ಕೇರಳ ಸರ್ಕಾರ 2015ರಲ್ಲಿ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಎಂದು ಅಳತೆ ಹಾಕಿತು. ಅದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ.

ಈ ಅಳತೆ ಎಲ್ಲಿಂದ ಬಂತು? ಬಂದರಿನಲ್ಲಿ ನಿಂತು ಮೀನಿನ ಉದ್ದ ಅಳೆದು, ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯೇ ಎಂದು ನೋಡಿ, ಲೆಕ್ಕ ಹಾಕಿದವರಿಂದ ಬಂತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದರ ಹಿಂದೆಯೂ ಇಂಥ ಲೆಕ್ಕವಿದೆ, 1986ರ ರಾಜ್ಯದ ಕಾನೂನೂ ಇದೆ. ಆ ಎರಡು ತಿಂಗಳು ಬೋಟಿನ ಕೆಲಸಗಾರನ ಮನೆ ಹೇಗೆ ನಡೆಯಬೇಕು ಎಂಬ ಪ್ರಶ್ನೆಯೂ ಇದೇ ಓದಿನ ಭಾಗ. ದಕ್ಕೆಯ ಕಷ್ಟ ಕಂಡ ಮನೆಯ ಮಗ ಅಥವಾ ಮಗಳು ಇದನ್ನು ಓದಿದರೆ, ನಿಯಮ ಬರೆಯುವ ಮೇಜಿನಲ್ಲಿ ನಮ್ಮ ಅನುಭವಕ್ಕೂ ಒಂದು ಜಾಗ ಸಿಗುತ್ತದೆ.

ಎಲ್ಲಿ ಓದಬಹುದು?

ದೂರ ಹೋಗಬೇಕಾಗಿಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು ಶುರುವಾದದ್ದು ಮಂಗಳೂರಿನಲ್ಲೇ, 1969ರಲ್ಲಿ. ಈಗ ಅದು ಬೀದರ್‌ನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಾಲ್ಕು ವರ್ಷದ ಬಿ.ಎಫ್.ಎಸ್ಸಿ., ನಂತರ ಎರಡು ವರ್ಷದ ಎಂ.ಎಫ್.ಎಸ್ಸಿ., ಪಿಎಚ್‌ಡಿ ಎಲ್ಲವೂ ಅಲ್ಲಿವೆ. ಮೀನು ಸಂಪನ್ಮೂಲ ನಿರ್ವಹಣೆ ಎಂಬುದು ಎಂ.ಎಫ್.ಎಸ್ಸಿ.ಯ ಒಂದು ವಿಭಾಗ. ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಿ, ಕೊಚ್ಚಿಯ ಮೀನುಗಾರಿಕಾ ವಿಶ್ವವಿದ್ಯಾಲಯದಲ್ಲೂ ಸ್ನಾತಕೋತ್ತರ ಓದು ಇದೆ. ಐಸಿಎಆರ್ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಬಂದವರಿಗೆ ವಿದ್ಯಾರ್ಥಿವೇತನವೂ ಉಂಟು.

ಹೆತ್ತವರು ಮುಖ್ಯವಾಗಿ ಗಮನಿಸಬೇಕಾದ್ದು ಒಂದಿದೆ. ಎಂ.ಎಫ್.ಎಸ್ಸಿ.ಗೆ ಸಾಮಾನ್ಯವಾಗಿ ಬಿ.ಎಫ್.ಎಸ್ಸಿ. ಆಗಿರಬೇಕು. ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಇರುವ ವಿಜ್ಞಾನ ವಿಭಾಗ ಬೇಕು, ಸಿಇಟಿ ಬರೆಯಬೇಕು. ಅಂದರೆ ಈ ದಾರಿಯ ತೀರ್ಮಾನ ಎಸ್ಸೆಸ್ಸೆಲ್ಸಿ ಮುಗಿದಾಗಲೇ ಆಗಬೇಕು. ಬಿಕಾಂ ಮುಗಿಸಿ ಬಂದು ಕೇಳಿದರೆ ತಡವಾಯಿತು. ಕೃಷಿಕರ ಮಕ್ಕಳಿಗೆ ಬೇರೆ ಸೀಟುಗಳಿವೆ, ಜಮೀನಿನ ದಾಖಲೆ ಮೊದಲೇ ಸರಿ ಮಾಡಿಟ್ಟುಕೊಳ್ಳಿ.

ಕಡಲಿಲ್ಲದ ಊರಿಗೂ ಬೇಕು

ಇದು ಕರಾವಳಿಯವರಿಗೆ ಮಾತ್ರ ಎಂದು ತಿಳಿಯಬಾರದು. ಶಿಗ್ಗಾವಿ ತಾಲೂಕಿನ ಹುಲಗೂರಿನಿಂದ ಸಮುದ್ರ ನೂರು ಕಿ.ಮೀ.ಗಿಂತಲೂ ದೂರ. ಆದರೆ ಆ ಸೀಮೆಯಲ್ಲಿ ಹಾನಗಲ್ಲ, ಸವಣೂರು ದಾಟಿ ಹರಿಯುವ ವರದಾ ನದಿಯಿದೆ, ಹಿರೇಕೆರೂರು ಕಡೆ ಮದಗ ಮಾಸೂರಿನಂಥ ದೊಡ್ಡ ಕೆರೆಯಿದೆ, ಸಣ್ಣ ಕೆರೆಗಳು ಎಷ್ಟೋ ಇವೆ. ಕಾಟ್ಲಾ, ರೋಹು, ಮೃಗಾಲ್ ಬೆಳೆಯುವುದು ಇಂಥ ನೀರಿನಲ್ಲೇ. ಕೆರೆಗೆ ಎಷ್ಟು ಮರಿ ಬಿಡಬೇಕು, ಮಳೆ ಕೈಕೊಟ್ಟ ವರ್ಷ ಯಾವಾಗ ಹಿಡಿಯಬೇಕು, ಗುತ್ತಿಗೆ ಯಾರಿಗೆ ಸಿಗಬೇಕು, ರೈತನ ನೀರಿಗೂ ಮೀನಿಗೂ ಜಗಳ ಬಾರದಂತೆ ಹೇಗೆ ನೋಡಿಕೊಳ್ಳಬೇಕು? ಇವೆಲ್ಲ ನಿರ್ವಹಣೆಯ ಪ್ರಶ್ನೆಗಳೇ. ಹುಲಗೂರಿನ ರೈತನ ಮಗನೂ ಬೆಂಗರೆಯ ಬೋಟಿನವರ ಮಗಳೂ ಒಂದೇ ಕ್ಲಾಸಿನಲ್ಲಿ ಕೂತು ಓದಬಹುದು.

ಓದಿದ ಮೇಲೆ ಮೀನುಗಾರಿಕೆ ಇಲಾಖೆ, ಸಂಶೋಧನಾ ಕೇಂದ್ರ, ಬ್ಯಾಂಕ್, ರಫ್ತು ಕಂಪನಿ ಹೀಗೆ ದಾರಿಗಳಿವೆ. ಎಲ್ಲರಿಗೂ ಕೂಡಲೇ ಕೆಲಸ ಸಿಗುತ್ತದೆ ಎಂದು ಹೇಳಲಿಕ್ಕಾಗದು, ಸ್ಪರ್ಧೆ ಇದೆ. ಆದರೆ ಮನೆಯ ವ್ಯಾಪಾರವನ್ನೇ ತಿಳಿವಳಿಕೆಯಿಂದ ನಡೆಸುವುದೂ ದೊಡ್ಡ ಲಾಭವೇ.

ಜಮಾಅತ್ ಕಮಿಟಿಯವರು ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ ಒಂದು ಮಾಹಿತಿ ಸಭೆ ಇಡಲಿ, ಮಂಗಳೂರಿನ ಕಾಲೇಜಿನಿಂದ ಒಬ್ಬರನ್ನು ಕರೆಸಲಿ. ದಕ್ಕೆಯ ವ್ಯಾಪಾರಿಗಳು ಸೇರಿ ವರ್ಷಕ್ಕೆ ಇಬ್ಬರು ಮಕ್ಕಳ ಫೀಸು ಕಟ್ಟುವುದೂ ಕಷ್ಟವಲ್ಲ. ಬೂತಾಯಿಯ ದರ ಎಷ್ಟೆಂದು ನಮಗೆ ದಿನಾ ಗೊತ್ತಾಗುತ್ತದೆ. ಅದು ಯಾಕೆ ಏರಿತು, ಯಾಕೆ ಸಿಗಲಿಲ್ಲ ಎಂದು ಹೇಳುವವರೂ ನಮ್ಮ ಮನೆಯಲ್ಲೇ ಇರಲಿ.