ಮುಟ್ಟುಗೋಲೂ ಅಪುತ್ರಿಕವೂ

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ವಾರಸುದಾರರಿಲ್ಲದ ಜಮೀನಿಗೂ, ಅಪರಾಧಿಯಿಂದ ಕಸಿದುಕೊಂಡ ಜಮೀನಿಗೂ ‘ಸರ್ಕಾರಕ್ಕೆ ಸೇರಿತು’ ಎಂಬ ಒಂದೇ ಮಾತನ್ನು ನಾನು ಕೇಳಿದ್ದೇನೆ. ಸೇರಿದ ಸ್ಥಳ ಒಂದೇ. ಸೇರಿದ ಬಗೆ ಬೇರೆ. ನಮ್ಮ ಹಳೆಯ ಭಾಷೆ ಈ ಭೇದವನ್ನು ಬಲ್ಲದು. ಗಂಡುಸಂತಾನವಿಲ್ಲದೆ ಸತ್ತವನ ಸ್ವತ್ತನ್ನು ಶಾಸನಗಳು ‘ಅಪುತ್ರಿಕ’ ಎನ್ನುತ್ತವೆ. ಅಪರಾಧಕ್ಕಾಗಿ ಕಿತ್ತುಕೊಂಡದ್ದು ಮುಟ್ಟುಗೋಲು. ಇಂಗ್ಲಿಷರ ನ್ಯಾಯಶಾಸ್ತ್ರದಲ್ಲಿ ಇವಕ್ಕೆ ಸಮೀಪವಾದವು ಎಸ್ಚೀಟ್ ಮತ್ತು ಫಾರ್‌ಫೀಚರ್. ಮೊದಲನೆಯದರ ಧಾತುವಿನಲ್ಲಿ ‘ಬೀಳು’ ಎಂಬ ಅರ್ಥವಿದೆ, ಹಿಡಿಯುವ ಕೈಯಿಲ್ಲದೆ ಬಿದ್ದದ್ದು ಎಂದು. ಎರಡನೆಯದರಲ್ಲಿ ಇರುವುದು ಕಟ್ಟಳೆಯನ್ನು ಮೀರಿದ ಕೃತ್ಯ. ಒಂದರಲ್ಲಿ ವಂಶ ತೀರಿದೆ, ದೋಷವಿಲ್ಲ. ಇನ್ನೊಂದರಲ್ಲಿ ಮಕ್ಕಳು ಮನೆಯಲ್ಲಿಯೇ ಇದ್ದಾರೆ, ಹಕ್ಕು ಮಾತ್ರ ಇಲ್ಲ.

ಆದರೆ ವಂಶ ತೀರಿತೆಂದು ನಿರ್ಣಯಿಸುವವರು ಯಾರು? ಶಾಕುಂತಲದ ಆರನೆಯ ಅಂಕವನ್ನು ಓದುಗರು ನೆನೆಯಬೇಕು. ಸಮುದ್ರವ್ಯಾಪಾರಿ ಧನಮಿತ್ರ ಹಡಗು ಒಡೆದು ಸತ್ತಿದ್ದಾನೆ. ಮಕ್ಕಳಿಲ್ಲವಾದುದರಿಂದ ಅವನ ಧನ ಅರಸನದೆಂದು ಅಮಾತ್ಯ ಬರೆದು ಕಳುಹಿಸುತ್ತಾನೆ. ದುಷ್ಯಂತ ಒಡನೆಯೇ ರುಜು ಹಾಕುವುದಿಲ್ಲ. ಪತ್ನಿಯರಲ್ಲಿ ಯಾರಾದರೂ ಗರ್ಭಿಣಿಯೇ ಎಂದು ವಿಚಾರಿಸುತ್ತಾನೆ. ಇರುವಳೆಂದು ತಿಳಿದಾಗ ಗರ್ಭದಲ್ಲಿರುವ ಶಿಶುವಿಗೇ ಆ ಧನವೆಂದು ತೀರ್ಪು ಕೊಡುತ್ತಾನೆ.

ಕಿತ್ತೂರಿಗೆ ಅಂತಹ ಅರಸ ದೊರೆಯಲಿಲ್ಲ. 1824ರಲ್ಲಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತುಪುತ್ರನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮನ ಕಣ್ಣಿಗೆ ವಾರಸುದಾರ ಇದ್ದ. ಕಂಪನಿಯ ಕಡತದಲ್ಲಿ ಇರಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಹೆಸರಿಗೆ ಅಪುತ್ರಿಕವಾದದ್ದು ಅಲ್ಲಿ ನಿಜವಾಗಿ ಮುಟ್ಟುಗೋಲೇ ಆಗಿತ್ತೆಂದು ನನ್ನ ಭಾವನೆ.

ತರೀಕೆರೆಯಲ್ಲಿ ಇಂತಹ ಮುಸುಕೂ ಇರಲಿಲ್ಲ. 1830ರ ನಗರದ ದಂಗೆಯಲ್ಲಿ ಪಾಳೆಯಗಾರ ರಂಗಪ್ಪನಾಯಕ ದಂಗೆಗಾರರನ್ನು ಕೂಡಿದ. ಸರ್ಜಾ ಹನುಮಪ್ಪನಾಯಕನನ್ನು 1834ರಲ್ಲಿ ಗಲ್ಲಿಗೇರಿಸಿದರು. ಆ ಮನೆತನಕ್ಕೆ ಎದುರಾದದ್ದು ಸಂತಾನದ ಪ್ರಶ್ನೆಯಲ್ಲ, ರಾಜದ್ರೋಹದ್ದು.

ಇಂಗ್ಲೆಂಡಿನಲ್ಲಿ ಘೋರಾಪರಾಧಿಯ ಸ್ವತ್ತು ಹೀಗೆ ಕೈತಪ್ಪುವ ಪದ್ಧತಿಯನ್ನು 1870ರ ಕಾಯಿದೆ ನಿಲ್ಲಿಸಿತು. ನಮ್ಮ ದಂಡಸಂಹಿತೆಯಲ್ಲಿ ಸರ್ವಸ್ವಹರಣವನ್ನು ವಿಧಿಸುತ್ತಿದ್ದ 61, 62ನೆಯ ಕಲಮುಗಳು 1921ರಲ್ಲಿ ರದ್ದಾದವು. ಬೇರೆ ಕಾಯಿದೆಗಳಲ್ಲಿ ಮುಟ್ಟುಗೋಲು ಇಂದಿಗೂ ಉಂಟು.

ಅಪುತ್ರಿಕದ ಇಂದಿನ ರೂಪ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 29ನೆಯ ಕಲಮಿನಲ್ಲಿದೆ. ಈಗ ಮಗಳಿದ್ದರೂ, ದೂರದ ಜ್ಞಾತಿ ಇದ್ದರೂ ಸ್ವತ್ತು ಸರ್ಕಾರಕ್ಕೆ ಹೋಗದು. ಯಾರೂ ಇಲ್ಲದೆ ಹೋದರೂ ಸರ್ಕಾರ ಅದನ್ನು ಋಣಭಾರದೊಡನೆಯೇ ಪಡೆಯಬೇಕು. ಅಜ್ಜಂಪುರದಲ್ಲಿ ಒಬ್ಬಂಟಿಯಾಗಿ ಸತ್ತವನು ಅಂಗಡಿಯವನಿಗೆ ಸಾಲ ಉಳಿಸಿದ್ದರೆ, ಅದನ್ನು ಆ ಸ್ವತ್ತಿನಿಂದ ಕೇಳುವ ಹಕ್ಕು ಅಂಗಡಿಯವನಿಗೆ ಉಳಿದೇ ಇರುತ್ತದೆ.