ಗಂಧದ ಗಿಡ ಒಂಟಿಯಾಗಿ ಬದುಕುವುದಿಲ್ಲ

ನಮ್ಮ ಕರ್ನಾಟಕಕ್ಕೆ ಗಂಧದ ನಾಡು ಅಂತ ಹೆಸರು. ಗುಡಿಯಲ್ಲಿ ಸಾಣಿಕಲ್ಲಿನ ಮೇಲೆ ತೇಯುವ ಗಂಧದ ಕೊರಡನ್ನು ನಾವೆಲ್ಲ ನೋಡಿದ್ದೇವೆ. ಆದರೆ ಗಂಧದ ಗಿಡ ನೋಡಿದವರು ಎಷ್ಟು ಮಂದಿ?

ಈ ಗಿಡದ ಎಲೆ ತಿಕ್ಕಿ ಮೂಸಿದರೆ ಗಂಧದ ವಾಸನೆ ಬರುವುದಿಲ್ಲ. ತೊಗಟೆಗೂ ಇಲ್ಲ, ಅದರ ಕೆಳಗಿನ ಬಿಳಿ ಕಟ್ಟಿಗೆಗೂ ಇಲ್ಲ. ಪರಿಮಳವೆಲ್ಲ ನಡುವಿನ ಗಟ್ಟಿ ಚೇಗಿನಲ್ಲಿ ಮತ್ತು ಬೇರಿನಲ್ಲಿ ಇರ್ತದ. ಚೇಗು ಕೂಡಲು ಸುಮಾರು 10 ವರ್ಷ ಬೇಕು, ಚೆನ್ನಾಗಿ ಬಲಿಯಲು 30 ವರ್ಷ. ಬೇರಿನಲ್ಲೂ ಎಣ್ಣೆ ಇರುವುದರಿಂದ ಮರವನ್ನು ಬೇರುಸಮೇತ ಕೀಳುತ್ತಾರೆ. ಮಾವಿನ ಮರ ವರ್ಷಾ ಹಣ್ಣು ಕೊಡ್ತದ. ಗಂಧದ ಮರ ಒಂದೇ ಸಲ ಕೊಡ್ತದ, ಅದೂ ಸತ್ತು.

ಇನ್ನೊಂದು ವಿಶೇಷವಿದೆ. ಗಂಧದ ಗಿಡ ತನ್ನ ಹಸಿರೆಲೆಯಿಂದ ಆಹಾರ ಮಾಡಿಕೊಳ್ಳುತ್ತದೆ. ಆದರೂ ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರು, ಲವಣ ಹೀರುತ್ತದೆ. ಆದ್ದರಿಂದ ಸಸಿ ಬೆಳೆಸುವವರು ಅದರ ಜೊತೆಗೆ ತೊಗರಿ ಹಚ್ಚುತ್ತಾರೆ. ನಮ್ಮ ತೊಗರಿಯೇ ಅದಕ್ಕೆ ದಾದಿ!

1792ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜವೃಕ್ಷ ಎಂದು ಸಾರಿದನು. ಮುಂದೆ ಬಹಳ ಕಾಲ ಸ್ವಂತ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದೇ ಆಗಿತ್ತು. ಕಾಯುವ ಕೆಲಸ ರೈತನಿಗೆ, ಮರ ಸರ್ಕಾರಕ್ಕೆ. ಹಿಂಗಾದರೆ ಯಾರು ಹಚ್ಚುತ್ತಾರೆ? 2001ರಲ್ಲಿ ಕರ್ನಾಟಕ ಸರ್ಕಾರ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದಿತು. ಈಗ ಹೊಲ ಯಾರದೋ ಮರ ಅವರದು. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ಆದರೂ ಗಂಧಕ್ಕೆ ವೈರಿಗಳು ಕಡಿಮೆ ಇಲ್ಲ. ಚೇಗು ಕೂಡಿದೆಯೋ ಇಲ್ಲವೋ ಎಂದು ನೋಡಲು ಕಳ್ಳರು ಮರಕ್ಕೆ ತೂತು ಹಾಕುತ್ತಾರೆ. ಸ್ಪೈಕ್ ಎಂಬ ರೋಗವೂ ಇದೆ. 1899ರಲ್ಲಿ ಇದು ಕೊಡಗಿನಲ್ಲಿ ಕಂಡುಬಂತು. ಎಲೆ ಸಣ್ಣದಾಗಿ ಸೆಟೆದು ನಿಲ್ಲುತ್ತದೆ, ಕೆಲವೇ ವರ್ಷಗಳಲ್ಲಿ ಮರ ಒಣಗುತ್ತದೆ. ಹೀಗಾಗಿ ಅಪಾಯದಲ್ಲಿರುವ ಜೀವಿಗಳ ಪ್ರಪಂಚದ ಪಟ್ಟಿಯಲ್ಲಿ ನಮ್ಮ ಗಂಧವೂ ಸೇರಿದೆ.

ನಮ್ಮ ಎರಿ ಹೊಲದಲ್ಲಿ ಮಳೆಗಾಲಕ್ಕೆ ನೀರು ನಿಲ್ತದ. ನೀರು ನಿಂತಲ್ಲಿ ಗಂಧ ಬದುಕುವುದಿಲ್ಲ. ಆದರೆ ಎತ್ತರದ ಒಡ್ಡು, ಬೇಲಿಗಳಲ್ಲಿ ಬದುಕಬಹುದು. ಹಕ್ಕಿಗಳು ಗಂಧದ ಕಪ್ಪು ಹಣ್ಣು ತಿಂದು ಬೀಜವನ್ನು ಬೇಲಿಯಲ್ಲಿ ಬೀಳಿಸುತ್ತವೆ. ಎದುರುಬದುರು ಎಲೆ, ಮೊದಲು ತಿಳಿಹಳದಿಯಾಗಿದ್ದು ಆಮೇಲೆ ಕೆಂಪಾಗುವ ಸಣ್ಣ ಹೂವು, ಇವೇ ಗುರುತು. ಅಂಥ ಗಿಡ ಕಂಡರೆ ಕೀಳಬೇಡಿರಿ. ಅದರ ಸುತ್ತಲಿನ ಗಿಡಗಳನ್ನೂ ಕೀಳಬೇಡಿರಿ. ಅವು ಹೋದರೆ ಗಂಧವೂ ಹೋಗ್ತದ.